‘18 ವೋಲ್ಟ್ ತಾನೇ, ಹಾಕಿ’ ಅಂದರೆ ಹಾಕಬೇಡಿ

ನಮ್ಮ ಮನೆ ಹಿಂದೆ ಹಲಸಿನ ಮರದ ಬುಡದಲ್ಲಿ ಒಂದು ಹಳೆ ತಗಡಿನ ಡಬ್ಬ ಇದೆ. ಮರಳು ತುಂಬಿದ್ದೇನೆ. ಅದರೊಳಗೆ ಡ್ರಿಲ್ ಮೆಷಿನ್ನಿನ ಒಂದು ಸುಟ್ಟ ಬ್ಯಾಟರಿ. ಒಳ್ಳೆ ಕಂಪನಿಯದು, 4 ಆಂಪ್ ಅವರ್. ಮೂರು ವರ್ಷ ಒಂದು ದಿನವೂ ಕೈ ಕೊಟ್ಟಿರಲಿಲ್ಲ. ಅದನ್ನು ಕೊಂದವನು ನಾನೇ, 700 ರೂಪಾಯಿಯ ಪ್ಲಾಸ್ಟಿಕ್ ತುಂಡೊಂದನ್ನು ನಂಬಿ.

ತೀರ್ಥಹಳ್ಳಿ ಕಡೆ ನಮ್ಮದು ಸಣ್ಣ ಅಡಿಕೆ ತೋಟ. ಮಳೆ ಹಿಡಿಯಿತು ಅಂದರೆ ಇಲ್ಲಿ ಕರೆಂಟಿನ ಭರವಸೆ ಇಲ್ಲ. ಆರಿದ್ರೆಯಲ್ಲಿ ಹೋದದ್ದು ಪುನರ್ವಸುವಿನಲ್ಲಿ ಬರುತ್ತದೆ ಅಂತ ತಮಾಷೆ ಮಾಡುತ್ತೇವೆ. ಹಾಗಾಗಿ ವೈರ್ ಇಲ್ಲದ ಬ್ಯಾಟರಿ ಮೆಷಿನ್ ಅಂದರೆ ನನಗೆ ಮೊದಲಿಂದಲೂ ಆಸೆ ಜಾಸ್ತಿ. ಮೊದಲು ಡ್ರಿಲ್ ತಂದೆ, ಜೊತೆಗೆ ಎರಡು ಬ್ಯಾಟರಿ. ಈ ಸಲ ಮಳೆಗೆ ಮುಂಚೆ ಮೆಣಸು ಹಬ್ಬಿದ ಮರಗಳ ಕೊಂಬೆ ಸವರಲು ಒಂದು ಸಣ್ಣ ಚೈನ್ ಗರಗಸ ಬೇಕಾಯಿತು. ಡ್ರಿಲ್ ಕಂಪನಿಯ ಗರಗಸದ ಬೆಲೆ ಕೇಳಿ ಸುಮ್ಮನಾದೆ. ಬೇರೆ ಕಂಪನಿಯದು ಬರೀ ಮೆಷಿನ್ ಆದರೆ ಹೆಚ್ಚೂಕಮ್ಮಿ ಅರ್ಧಕ್ಕೆ ಸಿಗುತ್ತಿತ್ತು. ಆದರೆ ಅದಕ್ಕೆ ಬ್ಯಾಟರಿ, ಚಾರ್ಜರ್ ಬೇರೆ ತಗೊಳ್ಳಬೇಕು.

ಶಿವಮೊಗ್ಗದ ಅಂಗಡಿಯವನು ಅಲ್ಲೇ ಪರಿಹಾರ ಕೊಟ್ಟ. ‘ನಿಮ್ಮದೂ 18 ವೋಲ್ಟು, ಇದೂ 18 ವೋಲ್ಟು. ಅಡಾಪ್ಟರ್ ಹಾಕಿ, ಮುಗೀತು.’ ಅಂದರೆ ಒಂದು ಕಂಪನಿಯ ಬ್ಯಾಟರಿ ಇನ್ನೊಂದರ ಮೆಷಿನ್ನಿಗೆ ಕೂರುವ ಹಾಗೆ ನಡುವೆ ಹಾಕುವ ಪ್ಲಾಸ್ಟಿಕ್ ತುಂಡು. ಅಡಾಪ್ಟರಿನ ಪಕ್ಕದಲ್ಲಿ ಮೊಬೈಲ್ ಚಾರ್ಜ್ ಮಾಡುವ ಯುಎಸ್‌ಬಿ ತೂತೂ ಇತ್ತು. ಕರೆಂಟ್ ಹೋದಾಗ ಫೋನಿಗೂ ಆಯಿತು ಅಂತ ಖುಷಿಪಟ್ಟೆ. ದರಿದ್ರ ಆ ತೂತಿನಿಂದಲೇ ಹೆಚ್ಚಾಯಿತು, ಅದು ಆಮೇಲೆ ಗೊತ್ತಾದದ್ದು.

ಹದಿನೈದು ದಿನ ಗರಗಸ ಬೆಣ್ಣೆ ಕೊಯ್ದ ಹಾಗೆ ಕೊಯ್ಯಿತು. ಪಕ್ಕದ ತೋಟದ ಗೆಳೆಯನಿಗೂ ಹೇಳಿದೆ, ಅವನೂ ಒಂದು ಅಡಾಪ್ಟರ್ ತಂದ. ಒಂದು ಸಂಜೆ ಕೊನೇ ಕೊಂಬೆ ಕೊಯ್ಯುವಾಗ ಗರಗಸ ಮಂಕಾಯಿತು. ಇನ್ನೊಂದು ಚೂರು ಅಂತ ಒತ್ತಿದೆ. ಪೂರ್ತಿ ನಿಂತಿತು. ಜೋರು ಮಳೆ ಬಂತು, ಎಲ್ಲವನ್ನೂ ಹಾಗೇ ಕೊಟ್ಟಿಗೆಯ ಮೂಲೆಯಲ್ಲಿಟ್ಟು ಬಂದೆ. ವಾರ ಬಿಟ್ಟು ಬ್ಯಾಟರಿ ತೆಗೆದು ಚಾರ್ಜಿಗೆ ಹಾಕಿದರೆ ಚಾರ್ಜರಿನ ಕೆಂಪು ದೀಪ ಪಿಳಿಪಿಳಿ. ಮೀಟರ್ ಹಿಡಿದೆ. 7.5 ವೋಲ್ಟ್.

ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕು. ಈ ಬ್ಯಾಟರಿಗಳ ಒಳಗೆ ಲಿಥಿಯಂ ಸೆಲ್‌ಗಳ ಐದು ಜೋಡಣೆ ಸಾಲಾಗಿ ಇರುತ್ತವೆ. ಒಂದೊಂದು 3.6 ವೋಲ್ಟ್, ಐದಕ್ಕೆ 18. ಪೂರ್ತಿ ತುಂಬಿದಾಗ ಒಂದೊಂದು 4.2, ಅಂದರೆ 21. ಹಾಗಾಗಿ 18, ‘20 ಮ್ಯಾಕ್ಸ್’, 21 ಅಂತ ಬೇರೆ ಬೇರೆ ಬರೆದಿದ್ದರೂ ಹೆಚ್ಚಿನವು ಒಂದೇ ಸಾಮಾನು. ಸಂತೆಯಲ್ಲಿ ಸಿಗುವ ಅಗ್ಗದ ಮೆಷಿನ್ ಮೇಲೆ 48, 88 ಅಂತೆಲ್ಲ ದೊಡ್ಡದಾಗಿ ಬರೆದಿರುತ್ತಾರೆ. ಬಿಚ್ಚಿ ನೋಡಿದರೆ ಒಳಗೆ ಸಾಮಾನ್ಯವಾಗಿ ಅದೇ ಐದು ಸೆಲ್ಲು! ಇರಲಿ. ಮುಖ್ಯ ಮಾತು ಕೆಳಗಿನ ಗಡಿಯದು. ಸೆಲ್ ಒಂದಕ್ಕೆ ಸುಮಾರು 3 ವೋಲ್ಟಿಗೆ ಇಳಿದರೆ, ಅಂದರೆ ಒಟ್ಟು 15ಕ್ಕೆ ಬಂದರೆ ನಿಲ್ಲಿಸಬೇಕು. 2.5ಕ್ಕಿಂತ ಕೆಳಗೆ ಹೋದರೆ ಸೆಲ್ ಹಾಳಾಗಲು ಶುರು. ನನ್ನದು 1.5ಕ್ಕೆ ಬಂದಿತ್ತು.

ಹಾಗಾದರೆ ಇಷ್ಟು ವರ್ಷ ಡ್ರಿಲ್ಲಿನಲ್ಲಿ ಯಾಕೆ ಹೀಗಾಗಲಿಲ್ಲ? ಸರ್ವೀಸ್ ಸೆಂಟರಿನ ಹುಡುಗ ಹೇಳಿದ ಮೇಲೆ ತಲೆಗೆ ಹೋಯಿತು. ಪಂಕ್ತಿ ಊಟದಲ್ಲಿ ಬಡಿಸುವವನು ನೀವು ಎಲೆಗೆ ಕೈ ಅಡ್ಡ ಹಿಡಿದು ‘ಸಾಕು’ ಅನ್ನುವವರೆಗೂ ಬಡಿಸುತ್ತಾನೆ ಅಲ್ವಾ? ಬ್ಯಾಟರಿ ಕಥೆಯೂ ಅದೇ. ಯಾರೋ ಒಬ್ಬರು ‘ಸಾಕು’ ಅನ್ನಬೇಕು. ಕೆಲವು ಕಂಪನಿಗಳು ಆ ಕೆಲಸವನ್ನು ಬ್ಯಾಟರಿಯ ಒಳಗಿನ ಬೋರ್ಡಿಗೆ ಕೊಟ್ಟಿವೆ. ಇನ್ನು ಕೆಲವು ಮೆಷಿನ್ನಿಗೆ ಕೊಟ್ಟಿವೆ. ನನ್ನ ಡ್ರಿಲ್ ತಾನೇ ‘ಸಾಕು’ ಅನ್ನುತ್ತಿತ್ತು, ಅದರ ಬ್ಯಾಟರಿಗೆ ಬಾಯಿಲ್ಲ. ಈ ಗರಗಸವೋ, ತನ್ನ ಕಂಪನಿಯ ಬ್ಯಾಟರಿಯೇ ‘ಸಾಕು’ ಅನ್ನುತ್ತದೆ ಅಂತ ನಂಬಿ ಮಾಡಿದ್ದು. ಇಬ್ಬರೂ ಇನ್ನೊಬ್ಬ ಹೇಳುತ್ತಾನೆ ಅಂತ ಕೂತರು.

ಬ್ಯಾಟರಿಯ ಮೇಲೆ ಪ್ಲಸ್, ಮೈನಸ್ ಬಿಟ್ಟು ಬೇರೆ ಸಣ್ಣ ತಗಡುಗಳೂ ಇರುತ್ತವೆ, ನೋಡಿದ್ದೀರಾ? ಸೆಲ್ಲಿನ ಬಿಸಿ ಎಷ್ಟು, ವೋಲ್ಟ್ ಎಷ್ಟು ಅನ್ನುವ ಸುದ್ದಿ ಹೋಗುವುದು ಅವುಗಳ ಮೂಲಕ. ನನ್ನ ಅಡಾಪ್ಟರ್ ಬಿಚ್ಚಿ ನೋಡಿದೆ. ಎರಡು ದಪ್ಪ ವೈರು, ಯುಎಸ್‌ಬಿಯ ಸಣ್ಣ ಬೋರ್ಡು, ಅಷ್ಟೇ. ಸುದ್ದಿ ದಾಟಿಸಲು ಏನೂ ಇಲ್ಲ. ಮೇಲಾಗಿ ಆ ಯುಎಸ್‌ಬಿ ಬೋರ್ಡು ಫೋನ್ ಹಾಕದಿದ್ದರೂ ಚೂರು ಚೂರು ಕರೆಂಟ್ ಕುಡಿಯುತ್ತಲೇ ಇರುತ್ತದೆ. ವಾರವಿಡೀ ಕೊಟ್ಟಿಗೆಯಲ್ಲಿ ಅದು ಕುಡಿದದ್ದು ನನ್ನ ಬ್ಯಾಟರಿಯ ಉಳಿದ ಜೀವವನ್ನು.

ಇಷ್ಟಕ್ಕೇ ಬಿಟ್ಟಿದ್ದರೆ ಹೋದದ್ದು ದುಡ್ಡು ಮಾತ್ರ. ಸರ್ವೀಸ್ ಸೆಂಟರಿಗೆ ಹೋಗುವ ಮೊದಲೇ ಪೇಟೆಯ ರಿಪೇರಿಯವನೊಬ್ಬ ‘ಎಬ್ಬಿಸಿ ಕೊಡ್ತೀನಿ’ ಅಂದ. ತುಂಬಿದ ಬ್ಯಾಟರಿಯಿಂದ ವೈರ್ ಎಳೆದು ಸತ್ತದ್ದಕ್ಕೆ ಮುಟ್ಟಿಸುವುದು, ವೋಲ್ಟ್ ಏರಿದಂತೆ ಚಾರ್ಜರ್ ಮೋಸ ಹೋಗಿ ಚಾರ್ಜ್ ಶುರು ಮಾಡುತ್ತದೆ. ಶುರುವಾಯಿತು ಕೂಡ. ಆದರೆ ಚಾರ್ಜರ್ ಬೇಡ ಅಂದದ್ದಕ್ಕೆ ಕಾರಣ ಇತ್ತು. ಅಷ್ಟು ಕೆಳಗೆ ಇಳಿದ ಸೆಲ್ಲಿನ ಒಳಗೆ ತಾಮ್ರದ ಹಾಳೆ ಕರಗುತ್ತದೆ. ಮತ್ತೆ ಚಾರ್ಜ್ ಮಾಡಿದರೆ ಆ ತಾಮ್ರ ಸಿಕ್ಕಸಿಕ್ಕಲ್ಲಿ ಗಟ್ಟಿಯಾಗಿ ಒಳಗೊಳಗೇ ಶಾರ್ಟ್ ಆಗಬಹುದು.

ರಾತ್ರಿ ಊಟಕ್ಕೆ ಕೂತಿದ್ದೆವು. ಜಗಲಿಯಿಂದ ‘ಸುಸ್ಸ್’ ಅಂತ ಶಬ್ದ, ಆಮೇಲೆ ಗಂಟಲು ಹಿಡಿಯುವ ವಾಸನೆ. ಹೋಗಿ ನೋಡಿದರೆ ಬ್ಯಾಟರಿಯಿಂದ ಬಿಳಿ ಹೊಗೆ. ಹಿಡಿಸೂಡಿಯ ಕೋಲಿನಿಂದ ಅಂಗಳಕ್ಕೆ ನೂಕಿದೆ. ಅಲ್ಲಿ ಎರಡು ಸಲ ಸಿಡಿದು ಉರಿಯಿತು. ಕೊಡಗಟ್ಟಲೆ ನೀರು ಸುರಿದೆವು, ಮಳೆಯೂ ಜೊತೆಗೂಡಿತು. ಹಿಂದಿನ ದಿನ ಅದೇ ಬ್ಯಾಟರಿಯನ್ನು ಅಟ್ಟದ ಮೇಲೆ, ಒಣ ಅಡಿಕೆ ಮೂಟೆಯ ಪಕ್ಕ ಇಟ್ಟಿದ್ದೆ. ಅದನ್ನು ನೆನೆದರೆ ಈಗಲೂ ನಿದ್ದೆ ಬರುವುದಿಲ್ಲ.

ಅಂಗಡಿಯವನನ್ನು ಕೇಳಿದೆ. ‘ನಾವು ಅಡಾಪ್ಟರ್ ಮಾರಿದ್ದು, ಬ್ಯಾಟರಿ ಅಲ್ಲ’ ಅಂದ. ಡ್ರಿಲ್ ಕಂಪನಿಯವರು ಬೇರೆಯವರ ಮೆಷಿನ್ನಿಗೆ ಹಾಕಿದ್ದೀರಿ, ನಮ್ಮ ಜವಾಬ್ದಾರಿ ಇಲ್ಲ ಅಂದರು. ಅವರದ್ದು ತಪ್ಪು ಅಂತ ಹೇಳಲಾರೆ.

ಒಂದೇ ಕಂಪನಿಯ ಹೆಸರಿದ್ದರೆ ಸಾಕು ಅಂತಲೂ ತಿಳಿಯಬೇಡಿ. ಬಾಷ್‌ನ ನೀಲಿ ಸಾಲಿನ 18 ವೋಲ್ಟ್ ಬ್ಯಾಟರಿ ಹಸಿರು ಸಾಲಿಗೆ ಕೂರುವುದಿಲ್ಲ. ಮಕಿಟಾದ 40 ವೋಲ್ಟ್ ಬ್ಯಾಟರಿ ಅವರದೇ 18ರ ಮೆಷಿನ್ನಿಗೆ ಆಗುವುದಿಲ್ಲ. ತದ್ವಿರುದ್ಧವಾಗಿ, ಕೆಲವು ಕಂಪನಿಗಳು ತಾವೇ ಮಾತಾಡಿಕೊಂಡು ಒಂದೇ ಬ್ಯಾಟರಿ ಬಳಸುತ್ತವೆ. ಮೆಟಾಬೊ 2018ರಲ್ಲಿ ಶುರು ಮಾಡಿದ ಸಿಎಎಸ್ ಅಂಥದ್ದು. ಆ ಗುಂಪಿಗೆ ಸೇರಿದ ಬೇರೆ ಕಂಪನಿಯ ಬ್ಯಾಟರಿ ಧೈರ್ಯವಾಗಿ ಹಾಕಬಹುದು, ಯಾಕೆಂದರೆ ‘ಸಾಕು’ ಅನ್ನುವವರು ಯಾರು ಅಂತ ಮೊದಲೇ ತೀರ್ಮಾನವಾಗಿದೆ.

ಕಂಪನಿಯದೇ ಬ್ಯಾಟರಿ ದುಬಾರಿ ಅಂತ ಅದರ ನಕಲು ತಗೊಳ್ಳುವವರಿಗೆ ಒಂದು ಮಾತು. ‘6 ಆಂಪ್ ಅವರ್’ (ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ) ಅಂತ ಬರೆದದ್ದನ್ನು ದಿನಸಿ ಅಂಗಡಿಯ ತಕ್ಕಡಿಗೆ ಹಾಕಿ. 18650 ಅನ್ನುವ ಸಾಮಾನ್ಯ ಸೆಲ್ ಒಂದು 45 ಗ್ರಾಂ ಆಸುಪಾಸು ತೂಗುತ್ತದೆ. 6 ಬರಬೇಕಾದರೆ ಐದು ಜೋಡಣೆಗೆ ಎರಡೆರಡರಂತೆ ಅಂಥವು ಹತ್ತು ಬೇಕು, ಸೆಲ್ಲೇ 450 ಗ್ರಾಂ ಆಯಿತು. ಪೂರ್ತಿ ಬ್ಯಾಟರಿ 400 ಗ್ರಾಂ ತೂಗಿದರೆ ಒಳಗಿರುವುದು ಐದೇ. ಸಾಮಾನಿನ ಗುಣಮಟ್ಟ ನೋಡುವ ಸರಕಾರಿ ಸಂಸ್ಥೆ ಬಿಐಎಸ್‌ನ ಐಎಸ್ 16046 ಗುರುತು, ಆರ್ ಇಂದ ಶುರುವಾಗುವ ನಂಬರು ಇದೆಯೇ ನೋಡಿ. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ನಂಬರ್ ಹಾಕಿದರೆ ಅಸಲಿಯೋ ಅಂತ ತಿಳಿಯುತ್ತದೆ.

ಈಗಾಗಲೇ ಅಡಾಪ್ಟರ್ ಬಳಸುತ್ತಿದ್ದೀರಾ? ಮೆಷಿನ್ ಮಂಕಾದ ಕ್ಷಣವೇ ಬೆರಳು ತೆಗೆಯಿರಿ, ಬ್ಯಾಟರಿ ಕಳಚಿ ಬೇರೆ ಇಡಿ. 15 ವೋಲ್ಟಿಗೆ ತಾನೇ ಕಟ್ ಆಗುವ ಅಡಾಪ್ಟರುಗಳೂ ಸಿಗುತ್ತವೆ, ಅವು ವಾಸಿ. ಆದರೂ ಬಿಸಿಯ ಸುದ್ದಿ ದಾಟುತ್ತದೆ ಅನ್ನುವ ಖಾತ್ರಿ ಇಲ್ಲ. ಚಾರ್ಜರ್ ಬೇಡ ಅಂದ ಬ್ಯಾಟರಿಯನ್ನು ಮಾತ್ರ ಯಾರ ಕೈಲೂ ಎಬ್ಬಿಸಬೇಡಿ.

ಗೆಳೆಯನ ಕಥೆ ಕೇಳಿದರೆ ನಗು ಬರುತ್ತದೆ. ಅವನ ಅಡಾಪ್ಟರ್ ಇನ್ನೂ ಚೆನ್ನಾಗಿ ನಡೆಯುತ್ತಿದೆ. ಅವನ ಬ್ಯಾಟರಿ ಬೇರೆ ಕಂಪನಿಯದು, ‘ಸಾಕು’ ಅನ್ನುವ ಬೋರ್ಡು ಅದರೊಳಗೇ ಇದೆ. ‘ನಂದು ಸರಿ ಇದೆಯಲ್ಲ, ನೀನು ಸುಮ್ನೆ ಹೆದರಿಸ್ತೀಯ’ ಅನ್ನುತ್ತಾನೆ. ಮೊನ್ನೆ ಅವನ ಭಾವ ಅದೇ ಮಾತು ಕೇಳಿ ಅಡಾಪ್ಟರ್ ತರಲು ಶಿವಮೊಗ್ಗಕ್ಕೆ ಹೊರಟಿದ್ದ. ಬಸ್ ಸ್ಟ್ಯಾಂಡಿನಿಂದ ವಾಪಸ್ ಕರೆದುಕೊಂಡು ಬಂದು ಹಲಸಿನ ಮರದ ಬುಡದ ಡಬ್ಬ ತೋರಿಸಿದೆ.