ತೋಟದ ಕಸ ಒಯ್ಯುತ್ತೇವೆಂದು ಬರುವವರಿಗೆ ವರ್ಷದ ಹಣ ಕೊಡಬೇಡಿ

ಕಳೆದ ವರ್ಷ ಮಳೆಗಾಲ ಮುಗಿಯುತ್ತಿದ್ದಂತೆ ಮನೆಗೆ ಬಂದ ಇಬ್ಬರಿಗೆ ನಾನು 2,400 ರೂಪಾಯಿ ಕೊಟ್ಟೆ. ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಪಂಚಾಯತಿನಿಂದ ನನ್ನ ಹೆಸರಿಗೆ 5,000 ರೂಪಾಯಿ ದಂಡದ ನೋಟೀಸು ಬಂತು. ಕಾಸರಗೋಡಿನ ಉತ್ತರ ಭಾಗದ ಬೇರೆ ವಾರ್ಡುಗಳಲ್ಲೂ ಇಂಥವರು ತಿರುಗುತ್ತಿದ್ದಾರೆಂದು ಈಗ ಕೇಳಿಬರುತ್ತಿರುವುದರಿಂದ ನಡೆದುದನ್ನು ನಡೆದಂತೆಯೇ ಬರೆಯುತ್ತಿದ್ದೇನೆ.

ನಮ್ಮದು 20 ಸೆಂಟ್ಸ್ ಜಾಗ. 11 ತೆಂಗಿನ ಮರಗಳಿವೆ, ಒಂದು ಜೀಗುಜ್ಜೆ ಮರವಿದೆ. ಒಂದು ತೆಂಗಿನ ಮರದಿಂದ ವರ್ಷಕ್ಕೆ ಸುಮಾರು 12 ಮಡಲು ಬೀಳುತ್ತದೆ. ಅಂದರೆ ನೂರಕ್ಕೂ ಹೆಚ್ಚು ಮಡಲುಗಳನ್ನು ನಾವು ಹೇಗಾದರೂ ಮುಗಿಸಬೇಕು. ಹಟ್ಟಿಯಲ್ಲಿ ದನವಿದ್ದು ಬಚ್ಚಲ ಒಲೆ ಉರಿಯುತ್ತಿದ್ದ ಕಾಲದಲ್ಲಿ ಇದನ್ನು ಯಾರೂ ಕಸವೆಂದು ಕರೆಯುತ್ತಿರಲಿಲ್ಲ. ತರಗೆಲೆ ಹಟ್ಟಿಗೆ, ಮಡಲಿನ ದಪ್ಪ ಬುಡವಾದ ಕೊತ್ತಳಿಗೆ ಒಲೆಗೆ, ಉಳಿದದ್ದು ಮಣ್ಣಿನೊಂದಿಗೆ ಸುಟ್ಟು ಗೊಬ್ಬರ ಮಾಡುವ ಸುಡುಮಣ್ಣಿಗೆ ಹೋಗುತ್ತಿತ್ತು. ಈಗ ಮನೆಯಲ್ಲಿ ನಾನೂ ವಯಸ್ಸಾದ ಅಮ್ಮನೂ ಮಾತ್ರ ಇದ್ದೇವೆ, ಕೆಲಸಕ್ಕೆ ಜನ ಸಿಗುವುದಿಲ್ಲ. ಅಂಗಳದ ಬದಿಯಲ್ಲಿ ರಾಶಿ ಬೆಳೆಯುತ್ತಲೇ ಇತ್ತು.

ಬಂದವರ ಕೊರಳಲ್ಲಿ ಗುರುತಿನ ಚೀಟಿಯಿತ್ತು, ಗೇಟಿನ ಹೊರಗೆ ಪಿಕಪ್ ನಿಂತಿತ್ತು. ತೋಟದ ಕಸವನ್ನು ಸುಡುವುದೂ ಎಸೆಯುವುದೂ ಅಪರಾಧವೆಂದೂ, ಪಂಚಾಯತು ಈ ಕೆಲಸವನ್ನು ತಮಗೆ ವಹಿಸಿದೆಯೆಂದೂ, ವರ್ಷದ ಶುಲ್ಕ ಮುಂಗಡವಾಗಿ ಕೊಟ್ಟರೆ ತಿಂಗಳಿಗೊಮ್ಮೆ ಬಂದು ಒಯ್ಯುತ್ತೇವೆಂದೂ ಹೇಳಿದರು. ಪಂಚಾಯತಿನ ಪರವಾಗಿ ಮನೆಮನೆಯಿಂದ ಕಸ ಸಂಗ್ರಹಿಸುವ ಹರಿತ ಕರ್ಮಸೇನೆಯವರಿಗೆ ತಿಂಗಳು ತಿಂಗಳು 50 ರೂಪಾಯಿ ಕೊಡುತ್ತಿದ್ದೇವಲ್ಲ ಎಂದು ಕೇಳಿದ್ದಕ್ಕೆ, ಅದು ಪ್ಲಾಸ್ಟಿಕ್ಕಿಗೆ, ಇದು ಬೇರೆ ಎಂಬ ಉತ್ತರ ಬಂತು. ಆ ಮಾತಿನ ಅರ್ಧ ಭಾಗ ನಿಜವಾಗಿದ್ದುದರಿಂದಲೇ ನಾನು ಉಳಿದರ್ಧವನ್ನೂ ನಂಬಿದೆ. ಸೇನೆಯ ಹೆಂಗಸರು ಒಯ್ಯುವುದು ಕೊಳೆಯದ ಒಣ ಕಸವನ್ನು ಮಾತ್ರ. ತೋಟದ ಕಸವನ್ನು ಮನೆಯವರು ತಮ್ಮ ಜಾಗದಲ್ಲೇ ಬೇರೆಯಾಗಿ ಇಟ್ಟು, ಸ್ಥಳೀಯಾಡಳಿತ ಹೇಳಿದಂತೆ ವಿಲೇವಾರಿ ಮಾಡಬೇಕೆಂದು ಆಗ ಜಾರಿಯಲ್ಲಿದ್ದ 2016ರ ಘನತ್ಯಾಜ್ಯ ನಿಯಮಗಳು ಹೇಳುತ್ತಿದ್ದವು. ದಾರಿಯಲ್ಲಿ ಬಂದ ಯಾರಿಗಾದರೂ ಹಣ ಕೊಟ್ಟು ಒಪ್ಪಿಸಬೇಕೆಂದು ಅವು ಹೇಳುತ್ತಿರಲಿಲ್ಲ.

ಹಣವನ್ನು ಗೂಗಲ್ ಪೇಯಲ್ಲಿ ಒಬ್ಬ ವ್ಯಕ್ತಿಯ ನಂಬರಿಗೆ ಕಳಿಸಿದೆ. ಪಂಚಾಯತಿಗೆ ಸೇರಬೇಕಾದ ಹಣ ಖಾಸಗಿ ನಂಬರಿಗೆ ಏಕೆ ಹೋಗಬೇಕು ಎಂದು ಆಗಲೇ ಕೇಳಬೇಕಾಗಿತ್ತು. ಅವರು ಕೊಟ್ಟ ಹಸಿರು ಬಣ್ಣದ ರಶೀದಿ ಪೂರ್ತಿ ಮಲಯಾಳದಲ್ಲಿತ್ತು. ನನಗೆ ಮಲಯಾಳ ಮಾತನಾಡಲು ಬರುತ್ತದೆ, ಓದಲು ಬರುವುದಿಲ್ಲ. ನನ್ನ ವಯಸ್ಸಿನ ಕನ್ನಡ ಶಾಲೆಯವರಲ್ಲಿ ಅನೇಕರ ಸ್ಥಿತಿ ಇದೇ. ಅದನ್ನು ಮಡಚಿ ಕಪಾಟಿನಲ್ಲಿಟ್ಟೆ.

ಅವರು ಎರಡು ಸಲ ಬಂದರು, ಆಮೇಲೆ ಫೋನು ಎತ್ತಲಿಲ್ಲ.

ನೋಟೀಸು ಬಂದ ಮೇಲೆ ಪಂಚಾಯತು ಕಚೇರಿಗೆ ಹೋದಾಗ ಅಲ್ಲಿದ್ದವರು ಮೊಬೈಲಿನಲ್ಲಿ ಚಿತ್ರಗಳನ್ನು ತೋರಿಸಿದರು. ತೋಡಿನ ಬದಿಯಲ್ಲಿ ನಮ್ಮ ಮಡಲು, ಜೀಗುಜ್ಜೆಯ ಗೆಲ್ಲು, ನಾನೇ ತುಂಬಿಸಿ ಕಟ್ಟಿಕೊಟ್ಟಿದ್ದ ಗೊಬ್ಬರದ ಗೋಣಿಗಳು ಬಿದ್ದಿದ್ದವು. ಒಂದು ಗೋಣಿಯೊಳಗೆ ತರಗೆಲೆಯ ಜೊತೆ ಸೇರಿಹೋಗಿದ್ದ ಕರೆಂಟು ಬಿಲ್ಲಿನಲ್ಲಿ ನನ್ನ ಹೆಸರೂ ವಿಳಾಸವೂ ಸ್ಪಷ್ಟವಾಗಿದ್ದವು. ಅಂಥ ಯಾವ ಗುಂಪಿಗೂ ಪಂಚಾಯತು ಕೆಲಸ ವಹಿಸಿರಲಿಲ್ಲ. ರಶೀದಿಯನ್ನು ಮುಂದಿಟ್ಟಾಗ ಗುಮಾಸ್ತರು ಅದರ ಕೊನೆಯ ಸಣ್ಣ ಅಕ್ಷರದ ಸಾಲನ್ನು ಓದಿ ಅರ್ಥ ಹೇಳಿದರು: ಒಯ್ದ ಕಸದ ಮುಂದಿನ ಹೊಣೆ ಗ್ರಾಹಕನದು. ಆ ಕಾಗದ ನಾಲ್ಕು ತಿಂಗಳು ನನ್ನ ಕಪಾಟಿನಲ್ಲೇ ಇತ್ತು. ಪಕ್ಕದ ಮನೆಯ ಶಾಲಾ ಹುಡುಗಿಗೆ ತೋರಿಸಿದ್ದರೂ ಓದಿ ಹೇಳುತ್ತಿದ್ದಳು ಎಂಬ ಸಂಕಟ ಇಂದಿಗೂ ಹೋಗಿಲ್ಲ.

ದಂಡ ಕಟ್ಟಿದೆ. ಇಬ್ಬರು ಆಳುಗಳನ್ನು ಕರೆದುಕೊಂಡು ಹೋಗಿ ತೋಡಿನ ಬದಿಯ ರಾಶಿಯನ್ನು ಮರಳಿ ತಂದೆ. ಅನಂತರ ಪಂಚಾಯತಿಗೂ ಪೊಲೀಸ್ ಠಾಣೆಗೂ ಕನ್ನಡದಲ್ಲೇ ದೂರು ಬರೆದುಕೊಟ್ಟೆ. ಭಾಷಾ ಅಲ್ಪಸಂಖ್ಯಾತರ ಪ್ರದೇಶವಾದ ಇಲ್ಲಿ ಸರ್ಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯುವ ಹಕ್ಕು ನಮಗಿದೆ. ಓದಲಾಗದ ಕಾಗದವನ್ನು ಸಂಕೋಚದಿಂದ ತೆಗೆದುಕೊಳ್ಳುವ ಅಗತ್ಯ ಯಾರಿಗೂ ಇಲ್ಲ.

ಯಾರಾದರೂ ಹೀಗೆ ಬಂದರೆ ಅವರು ಗೇಟಿನಲ್ಲಿ ನಿಂತಿರುವಾಗಲೇ ವಾರ್ಡಿನ ಮೆಂಬರರಿಗೆ ಫೋನು ಮಾಡಿ ಕೇಳಿ. ಪಂಚಾಯತಿನ ಹೆಸರಿನ ರಶೀದಿಯಿಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಇದನ್ನು ಓದಿ ಹರಿತ ಕರ್ಮಸೇನೆಯವರ ಮೇಲೆ ಅನುಮಾನ ಪಡಬಾರದೆಂದು ವಿನಂತಿ. ಅವರು ಬಿಸಿಲಲ್ಲಿ ಮನೆಮನೆಗೆ ನಡೆದು, ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡಿ ಲೆಕ್ಕ ಇಡುವವರು.

ಮಡಲಿನ ರಾಶಿಗೆ ನಾನು ಈಗ ಕಂಡುಕೊಂಡ ದಾರಿ ಎರೆಗೊಬ್ಬರದ್ದು. ತೆಂಗಿನ ಗರಿಯನ್ನು ಎರೆಹುಳದಿಂದ ಗೊಬ್ಬರವಾಗಿಸುವ ವಿಧಾನವನ್ನು ಕಾಸರಗೋಡಿನಲ್ಲೇ ಇರುವ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ರೂಪಿಸಿದೆ. ಗರಿಗೆ ಸೆಗಣಿ ಬೆರೆಸಿ, ನೆರಳಿನ ತೊಟ್ಟಿಯಲ್ಲಿ ತೇವ ಆರದಂತೆ ನೋಡಿಕೊಳ್ಳಬೇಕು. ಸೆಗಣಿಯನ್ನು ಪಕ್ಕದ ಮನೆಯಿಂದ ತರುತ್ತಿದ್ದೇನೆ.

ನಮ್ಮ ಕಡೆಯಲ್ಲಿ ಈಗಾಗಲೇ ಹಣ ಕೊಟ್ಟವರಿದ್ದರೆ ರಶೀದಿಯನ್ನೂ ಹಣ ಕಳಿಸಿದ ದಾಖಲೆಯನ್ನೂ ಜೋಪಾನವಾಗಿಟ್ಟು, ನೋಟೀಸು ಬರುವ ಮೊದಲೇ ಪಂಚಾಯತಿಗೆ ಬರೆದು ತಿಳಿಸಿ. ನನ್ನ ದೂರಿನ ಪ್ರತಿ ಬೇಕಾದವರಿಗೆ ಕೊಡುತ್ತೇನೆ.