ಕೆರೆ ಕಾಣುವ ಫ್ಲ್ಯಾಟಿಗೆ ಮುಂಗಡ ಕೊಡುವ ಮುನ್ನ ಕೋಡಿಯ ಮಟ್ಟ ಕೇಳಿ

ಬೆಂಗಳೂರಿನಲ್ಲಿ ಕೆರೆ ದಂಡೆಯ ಮೇಲೆ ಏಳುತ್ತಿರುವ ಅಪಾರ್ಟ್‌ಮೆಂಟಿಗೆ ಮುಂಗಡ ಕೊಡಲು ಹೊರಟಿದ್ದರೆ ದಯವಿಟ್ಟು ಎರಡು ನಿಮಿಷ ನಿಂತು ಇದನ್ನು ಓದಿ. ಅಂಥದೊಂದು ಕಟ್ಟಡದಲ್ಲಿ ನಾನೂ ನನ್ನ ಹೆಂಡತಿಯೂ ದುಡಿದ ಹಣವೆಲ್ಲ ಹಾಕಿದ್ದೇವೆ. ನಕ್ಷೆಯ ಕಾಲದಿಂದಲೂ ಅದರ ಬೆಳವಣಿಗೆಯನ್ನು ನೋಡುತ್ತ ಬಂದಿದ್ದೇವೆ. ಪ್ರಕರಣ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಮುಂದಿರುವುದರಿಂದ ಬಿಲ್ಡರ್ ಹೆಸರು ಬರೆಯುವುದಿಲ್ಲ. ನಡೆದದ್ದು ಹೇಗೆಂದು ಮಾತ್ರ ಹೇಳುತ್ತೇನೆ.

ತಿಂಗಳಿಗೊಮ್ಮೆ ನಮಗೆ ಡ್ರೋನ್ ವಿಡಿಯೊ ಬರುತ್ತಿತ್ತು. ಮಹಡಿ ಮೇಲೆ ಮಹಡಿ, ಹಿಂದೆ ಬೆಳಗಿನ ಬಿಸಿಲಿಗೆ ಹೊಳೆಯುವ ಕೆರೆ. ಸ್ಲ್ಯಾಬ್ ಬಿದ್ದಂತೆಲ್ಲ ಬ್ಯಾಂಕಿನಿಂದ ಕಂತು ಹೋಗುತ್ತಿತ್ತು. ನೆಲಮಾಳಿಗೆಯ ಚಿತ್ರ ಮಾತ್ರ ಒಂದೂ ಬರಲಿಲ್ಲ. ಕೇಳಿದರೆ, "ಸುರಕ್ಷತೆಯ ಕಾರಣಕ್ಕೆ ಅಲ್ಲಿಗೆ ಯಾರನ್ನೂ ಬಿಡುವುದಿಲ್ಲ ಸಾರ್" ಎಂಬ ಉತ್ತರ. ಹಟ ಹಿಡಿದು ಒಂದು ಮಳೆಗಾಲದಲ್ಲಿ ಇಳಿದೆವು. ಎರಡನೇ ನೆಲಮಾಳಿಗೆಯ ಕೆರೆ ಕಡೆಯ ತಡೆಗೋಡೆಯಲ್ಲಿ, ಕಾಂಕ್ರೀಟ್ ಸುರಿಯುವಾಗ ಹಲಗೆ ಬಿಗಿಯಲು ಹಾಕಿದ್ದ ಸರಳುಗಳ ತೂತುಗಳು ಸಾಲಾಗಿದ್ದವು. ಒಂದೊಂದರಿಂದಲೂ ನೀರು ಎಳೆಯಾಗಿ ಇಳಿಯುತ್ತಿತ್ತು. ಅದರ ಕೆಳಗೆ ಉಪ್ಪಿನ ಬಿಳಿ ಗೆರೆ ಮೂಡಿತ್ತು. ಬೆರಳಿನಿಂದ ಉಜ್ಜಿದರೆ ಪುಡಿಯಾಗಿ ಉದುರಿತು. ಸೋರಿಕೆ ಅಂದು ಶುರುವಾದದ್ದಲ್ಲ ಎನ್ನಲು ಬೇರೆ ಸಾಕ್ಷಿ ಬೇಕಿರಲಿಲ್ಲ. ಮೂಲೆಯ ಗುಂಡಿಯಲ್ಲಿ ಪಂಪ್ ಓಡುತ್ತಲೇ ಇತ್ತು.

ಇದರ ಹಿಂದಿನ ಲೆಕ್ಕ ತೀರ ಸರಳ. ಕೆರೆ ತುಂಬಿದಾಗ ನೀರು ಹೊರಬೀಳುವುದು ಕೋಡಿಯಲ್ಲಿ. ಆ ಮಟ್ಟಕ್ಕಿಂತ ಎಷ್ಟೋ ಅಡಿ ಕೆಳಗೆ ನೆಲಮಾಳಿಗೆ ತೋಡಿದರೆ ಸುತ್ತಲಿನ ಮಣ್ಣಿನಲ್ಲಿರುವ ನೀರು ಗೋಡೆಯನ್ನು ಒಳಕ್ಕೆ ಒತ್ತುತ್ತದೆ, ತಳವನ್ನು ಮೇಲಕ್ಕೆ ತಳ್ಳುತ್ತದೆ. ಅದನ್ನು ತಡೆಯುವಂತೆ ಕಟ್ಟಲು ಬರುತ್ತದೆ, ಆದರೆ ಅದಕ್ಕೆ ಹಣ ಬೇಕು, ಜೋಡಣೆಯ ಪ್ರತಿಯೊಂದು ಸಂದಿನಲ್ಲೂ ಎಚ್ಚರ ಬೇಕು. ಇಲ್ಲವಾದರೆ ಆ ಪಂಪನ್ನು ಓಡಿಸುವ ಖರ್ಚು ಕಾಯಂ ಆಗಿ ನಿವಾಸಿಗಳ ತಲೆಗೆ ಬೀಳುತ್ತದೆ. ಕೋಡಿಯ ಮಟ್ಟವೆಷ್ಟು, ನೆಲಮಾಳಿಗೆಯ ತಳದ ಮಟ್ಟವೆಷ್ಟು ಎಂದು ಲಿಖಿತವಾಗಿ ಕೇಳಿ. ನಮಗೆ ಇವತ್ತಿನವರೆಗೂ ಉತ್ತರ ಸಿಕ್ಕಿಲ್ಲ. 2022ರ ಸೆಪ್ಟೆಂಬರ್ ಮಳೆಯಲ್ಲಿ ಯಮಲೂರಿನ ಕಡೆ ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಸಾಗಿಸಿದ್ದನ್ನು ಕಂಡ ಊರಿನಲ್ಲಿ ಇದು ಅತಿಯಾದ ಪ್ರಶ್ನೆಯೇನಲ್ಲ.

ಎರಡನೆಯ ಮೋಸ ಕಾಗದದಲ್ಲಿ ನಡೆಯಿತು. ಬಿಲ್ಡರ್ ಕೊಟ್ಟ ಪ್ರಚಾರದ ಕೈಪಿಡಿಯಲ್ಲಿ (ಬ್ರೋಷರ್) ಕಟ್ಟಡಕ್ಕೂ ಕೆರೆಗೂ ನಡುವೆ ಉದ್ಯಾನ, ನಡಿಗೆ ಹಾದಿ, ಈಜುಕೊಳ ಇದ್ದವು. ಕೆರೆ ನೋಟಕ್ಕೆಂದು ಚದರ ಅಡಿಗೆ ಹೆಚ್ಚುವರಿ ದರವನ್ನೂ ತೆತ್ತೆವು. ಆ ಜಾಗದ ಬಹುಪಾಲು, ಕೆರೆಯ ಅಂಚಿನಿಂದ ಇಂತಿಷ್ಟು ಮೀಟರ್‌ವರೆಗೆ ಏನನ್ನೂ ಕಟ್ಟದೆ ಬಿಡಬೇಕಾದ ಮೀಸಲು ವಲಯ! ಅಲ್ಲಿ ಈಜುಕೊಳ ಕಟ್ಟುವಂತೆಯೇ ಇರಲಿಲ್ಲ. ವಿಚಾರಿಸಿದಾಗ ಮಾರಾಟ ಪ್ರತಿನಿಧಿ, "75 ಮೀಟರ್ ನಿಯಮವನ್ನು ಸುಪ್ರೀಂ ಕೋರ್ಟ್ ತೆಗೆದುಹಾಕಿದೆಯಲ್ಲ ಸಾರ್" ಎಂದರು. ಅರ್ಧ ಸತ್ಯ. ಹಸಿರು ನ್ಯಾಯಮಂಡಳಿ 2016ರ ಮೇ ತಿಂಗಳಲ್ಲಿ ವಿಧಿಸಿದ್ದ 75 ಮೀಟರನ್ನು ಸುಪ್ರೀಂ ಕೋರ್ಟ್ 2019ರ ಮಾರ್ಚ್‌ನಲ್ಲಿ ರದ್ದುಪಡಿಸಿದ್ದು ನಿಜ. ಆದರೆ 2015ರ ಮಾಸ್ಟರ್ ಪ್ಲಾನ್ ಹೇಳಿದ್ದ 30 ಮೀಟರ್ ಮಿತಿ ಅದರಿಂದ ಅಳಿಸಿಹೋಗಲಿಲ್ಲ. ರಾಜಕಾಲುವೆಗಳಿಗೂ ದರ್ಜೆಗೆ ತಕ್ಕಂತೆ 50, 25, 15 ಮೀಟರ್ ಎಂದು ಅದರಲ್ಲಿತ್ತು. ಈ ಮಿತಿಗಳ ಮೇಲೆ ಜಗ್ಗಾಟ ನಿಂತಿಲ್ಲವಾದ್ದರಿಂದ, ನಿಮ್ಮ ಯೋಜನೆಗೆ ಅನ್ವಯಿಸುವ ನಿಯಮವನ್ನು ವಕೀಲರಿಂದಲೇ ತಿಳಿದುಕೊಳ್ಳಿ, ಮಾರುವವರ ಬಾಯಿಂದಲ್ಲ.

ಆಮೇಲೆ, ನಮ್ಮ ಬ್ಲಾಕಿಗೂ ಕೆರೆಗೂ ನಡುವೆ ಇನ್ನೊಂದು ಬ್ಲಾಕ್ ಎದ್ದಿತು. ಮೊದಲ ನಕ್ಷೆಯಲ್ಲಿ ಅದು ಇರಲೇ ಇಲ್ಲ. ಕರಾರುಪತ್ರಕ್ಕೆ ಸಹಿ ಹಾಕಿಸುವ ದಿನ ಕಾಗದಗಳ ಕಟ್ಟಿನ ನಡುವೆ, "ಮುಂದಿನ ಯಾವುದೇ ಮಾರ್ಪಾಡಿಗೆ ಒಪ್ಪಿಗೆಯಿದೆ" ಎಂಬ ಒಂದು ಹಾಳೆಯನ್ನು ಸೇರಿಸಿದ್ದರು. ಅದನ್ನೇ ಈಗ ಎತ್ತಿ ತೋರಿಸುತ್ತಿದ್ದಾರೆ. ರೇರಾ ಕಾಯ್ದೆಯ 14ನೇ ಕಲಮಿನ ಪ್ರಕಾರ ಮಂಜೂರಾದ ನಕ್ಷೆಯನ್ನು ಹೀಗೆ ಬದಲಿಸಲು ಮೂರರಲ್ಲಿ ಎರಡು ಭಾಗ ಖರೀದಿದಾರರ ಲಿಖಿತ ಒಪ್ಪಿಗೆ ಮೊದಲೇ ಬೇಕು. ಕಾಣದ ಬದಲಾವಣೆಗೆ ಬರೆಸಿಕೊಂಡ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಎನ್ನುವುದು ನಮ್ಮ ವಾದ. ಅಂಥ ಹಾಳೆ ಕಂಡರೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಸಹಿ ಮಾಡಿ, ಫೋಟೊ ತೆಗೆದಿಟ್ಟುಕೊಳ್ಳಿ. ನೋಂದಾಯಿತ ಕರಾರುಪತ್ರ ಆಗುವ ಮೊದಲು ಬೆಲೆಯ ಶೇ 10ಕ್ಕಿಂತ ಹೆಚ್ಚು ಕೇಳುವ ಅಧಿಕಾರವೂ ಅವರಿಗಿಲ್ಲ.

ನೀವೇ ನೋಡಬಹುದಾದದ್ದು ಬಹಳಷ್ಟಿದೆ. ಕರ್ನಾಟಕ ರೇರಾ ಜಾಲತಾಣದಿಂದ ಮಂಜೂರಾದ ನಕ್ಷೆ ಇಳಿಸಿಕೊಂಡು ಕೈಪಿಡಿಯ ಪಕ್ಕದಲ್ಲಿಡಿ. ನಿವೇಶನದಲ್ಲಿ ನಿಂತು ಮೊಬೈಲಿನಲ್ಲಿ ಸರ್ಕಾರದ ಭೂನಕ್ಷೆಯ ಆ್ಯಪ್ ದಿಶಾಂಕ್ ತೆರೆಯಿರಿ. ಸರ್ವೆ ನಂಬರು, ಪಕ್ಕದ ಕೆರೆ, ಹಳ್ಳ, ಕಾಲುವೆ ಕಾಣುತ್ತವೆ. ಗ್ರಾಮ ನಕಾಶೆಯಲ್ಲಿರುವ ಕಾಲುವೆ ಕಣ್ಣೆದುರು ಇಲ್ಲದಿದ್ದರೆ ಅದು ಯಾರ ಅಡಿಪಾಯದ ಕೆಳಗಿದೆ ಎಂದು ಕೇಳಿ. ಹಳೆಯ ಪಹಣಿಯಲ್ಲಿ ಖರಾಬು (ಸಾಗುವಳಿಗೆ ಸೇರದ ಜಮೀನು) ಎಂದಿದೆಯೇ ನೋಡಿ. ಊರಿನ ಹಿರಿಯರನ್ನು ಮಾತನಾಡಿಸಿ. ಆ ಜಾಗ ಏರಿಯ ಕೆಳಗಿನ ಗದ್ದೆಯಾಗಿತ್ತೋ, ಕೆರೆಯಂಗಳವೇ ಆಗಿತ್ತೋ ಎಂಬುದನ್ನು ಅವರಷ್ಟು ಚೆನ್ನಾಗಿ ಯಾವ ದಾಖಲೆಯೂ ಹೇಳದು.

ಅನುಮತಿ ಇದೆಯಲ್ಲ, ಬ್ಯಾಂಕ್ ಸಾಲ ಕೊಟ್ಟಿದೆಯಲ್ಲ ಎಂದು ಸಮಾಧಾನ ಹೇಳುವವರಿಗೆ ನಾನು ಕೊಚ್ಚಿಯ ಮರಡನ್ನು ನೆನಪಿಸುತ್ತೇನೆ. ಅಲ್ಲಿ ಹಿನ್ನೀರಿನ ದಂಡೆಯ ಫ್ಲ್ಯಾಟುಗಳಿಗೆ ಸ್ಥಳೀಯ ಪಂಚಾಯಿತಿಯ ಪರವಾನಗಿ ಇತ್ತು, ಜನ ವರ್ಷಗಟ್ಟಲೆ ಬಾಳಿಯೂ ಇದ್ದರು. ಕರಾವಳಿ ನಿಯಂತ್ರಣ ವಲಯದ ನಿಯಮ ಮೀರಿದ್ದಕ್ಕೆ ಸುಪ್ರೀಂ ಕೋರ್ಟ್ ಆದೇಶದಂತೆ 2020ರ ಜನವರಿ 11 ಮತ್ತು 12ರಂದು ಅವನ್ನು ಸ್ಫೋಟಕ ಇಟ್ಟು ಕೆಡವಿದರು. ಮನೆ ಕಳೆದುಕೊಂಡವರಿಗೆ ಕೋರ್ಟ್ ಆಗ ಕೊಡಿಸಿದ ಮಧ್ಯಂತರ ಪರಿಹಾರ ತಲಾ 25 ಲಕ್ಷ ರೂಪಾಯಿ.

ನಮಗೆ ಈಗ ಹೊಸದೊಂದು ಪತ್ರ ಬಂದಿದೆ: ಕೊನೆಯ ಕಂತು ಕಟ್ಟಿ, ಒಳಾಂಗಣದ ಕೆಲಸಕ್ಕೆಂದು ಕೀಲಿ ಪಡೆಯಿರಿ ಎಂದು. ಕಟ್ಟಡದಲ್ಲಿ ವಾಸಕ್ಕೆ ಅನುಮತಿ ನೀಡುವ ಸ್ವಾಧೀನಾನುಭವ ಪತ್ರ (ಓಸಿ) ಇನ್ನೂ ಬಂದಿಲ್ಲ. ಆ ಪತ್ರವಿಲ್ಲದ ಕಟ್ಟಡಕ್ಕೆ ನೀರು, ವಿದ್ಯುತ್ ಸಂಪರ್ಕ ಕೊಡಬಾರದೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದೆ. ಕೀಲಿ ತೆಗೆದುಕೊಂಡರೆ, ಸ್ವಾಧೀನ ಕೊಟ್ಟಾಯಿತು ಎಂದು ತಡಮಾಡಿದ್ದಕ್ಕೆ ಬಿಲ್ಡರ್ ನಮಗೆ ಕೊಡಬೇಕಾದ ಬಡ್ಡಿಯ ವಿಚಾರದಲ್ಲಿ ವಾದಿಸುತ್ತಾರೆ. ನಾವು ತೆಗೆದುಕೊಂಡಿಲ್ಲ, ಕಾರಣವನ್ನು ನೋಂದಾಯಿತ ಅಂಚೆಯಲ್ಲಿ ತಿಳಿಸಿದ್ದೇವೆ. ಕೀಲಿ ಪಡೆಯಿರಿ ಎಂಬ ಅಂಥದೇ ಪತ್ರ ನಿಮ್ಮ ಕೈಯಲ್ಲಿದ್ದರೆ ಹಣ ಕಟ್ಟುವ ಮೊದಲು ನೆಲಮಾಳಿಗೆಗೆ ಇಳಿದು ಕೆರೆ ಕಡೆಯ ಗೋಡೆಯನ್ನು ನೋಡಿ, ಆಮೇಲೆ ಉತ್ತರ ಬರೆಯಿರಿ.