"ಪೆಲ್ಲೆಟ್ ತಿಂತದ" ಅಂತ ಕಾಪರ್‌ಬ್ಯಾಂಡ್ ಮಾರುವವರನ್ನು ನಂಬಬೇಡ್ರಿ

ಕಲಬುರಗಿ, ಬೀದರ್, ಯಾದಗಿರಿ ಕಡೆ ಸಮುದ್ರದ ಮೀನು ಸಾಕಲಿಕ್ಕೆ ಉಪ್ಪುನೀರಿನ ಟ್ಯಾಂಕ್ ಇಟ್ಟವರು, ಇಡಬೇಕು ಅಂತ ದುಡ್ಡು ಕೂಡಿಸುತ್ತಿರುವವರು, ಇದನ್ನು ಪೂರ್ತಿ ಓದ್ರಿ. ನನಗೆ ಕಾಪರ್‌ಬ್ಯಾಂಡ್ (ಉದ್ದ ಮೂತಿಯ ಒಂದು ಸಮುದ್ರ ಮೀನು) ಮಾರಿದ ಅಂಗಡಿಯ ಹೆಸರು ಬರೆಯುವುದಿಲ್ಲ. ಆ ಮಾತಿನ ವರಸೆ ಕೇಳಿದರೆ ನಿಮಗೇ ಗುರುತು ಹತ್ತುತ್ತದೆ.

"ಸರ್, ಈ ಕಾಪರ್‌ಬ್ಯಾಂಡ್ ಎಲ್ಲಾ ತಿಂತದ್ರಿ. ಪೆಲ್ಲೆಟ್ ಹಿಡಿದ್ರ ಕೈಗೇ ಬರ್ತದ." ಬೆನ್ನಿಗೇ ವಾಟ್ಸಾಪಿಗೆ ಒಂದು ವಿಡಿಯೋ. ಅದರಲ್ಲಿ ಮೀನು ಬೆರಳಿನ ತುದಿಯಿಂದ ಪೆಲ್ಲೆಟ್, ಅಂದರೆ ಒಣ ಆಹಾರದ ಕಾಳು, ಕಿತ್ತು ತಿನ್ನುತ್ತದೆ, ಖರೆ.

ಕಾಪರ್‌ಬ್ಯಾಂಡ್ ಬಟರ್‌ಫ್ಲೈಗೆ ಅಷ್ಟುದ್ದ ಮೂತಿ ಇರುವುದೇ ಕಲ್ಲಿನ ಸಂದಿಯಿಂದ ಸಣ್ಣ ಹುಳ, ಸಣ್ಣ ಸೀಗಡಿ ಹೆಕ್ಕಲಿಕ್ಕೆ. ದಿನವಿಡೀ ಚೂರುಚೂರು ಹೆಕ್ಕುವ ಮೀನು ಅದು. ಪೆಲ್ಲೆಟ್ ತಿನ್ನುವವು ಇಲ್ಲವೇ ಇಲ್ಲ ಅಂತಲ್ಲ. ಇವೆ, ಆದರೆ ಯಾರೋ ತಾಳ್ಮೆಯಿಂದ ಪಳಗಿಸಿದವು. ಹಾಗೆ ಪಳಗಿದ ಮೀನಿಗೆ ರೇಟ್ ಜಾಸ್ತಿ ಇದ್ದರೂ ನ್ಯಾಯವೇ. ನಾನು 3,500 ರೂಪಾಯಿಯನ್ನು ಚೌಕಾಸಿ ಮಾಡದೆ ಎಣಿಸಿ ಕೊಟ್ಟದ್ದು ಅದಕ್ಕೇ!

ಕಣ್ಣೆದುರು ತೋರಿಸ್ರಿ ಅಂದಾಗ ತೋರಿಸಿದರು ಕೂಡ. ಒಂದು ಚಿಟಿಕೆ ಪೆಲ್ಲೆಟ್ ಪಂಪಿನ ಹರಿವಿಗೆ ಬಿಟ್ಟರು. ಅದೇ ಟ್ಯಾಂಕಿನಲ್ಲಿದ್ದ ಕ್ಲೌನ್, ಡ್ಯಾಮ್ಸೆಲ್ ಮೀನುಗಳು ಮುಗಿಬಿದ್ದವು. ಆ ಗದ್ದಲದಲ್ಲಿ ಕಾಪರ್‌ಬ್ಯಾಂಡ್ ಮೂತಿ ಚಾಚಿ ಒಂದು ಕಾಳು ಎಳೆದುಕೊಂಡಿತು. "ನೋಡ್ರಿ ನೋಡ್ರಿ, ತಿಂತು!" ಅಂತ ಭುಜ ತಟ್ಟಿದರು. ತಟ್ಟಿದವರ ಕಡೆ ತಿರುಗಿ ನಕ್ಕು ಮತ್ತೆ ಟ್ಯಾಂಕ್ ನೋಡುವುದರೊಳಗೆ ಕಾಳು ತಳಕ್ಕೆ ಬಿದ್ದಿರಬೇಕು. ಯಾಕಂದ್ರೆ ಮನೆಗೆ ಬಂದ ಮೇಲೆ ಪ್ರತಿ ಸಲವೂ ಅದೇ: ಎಳೆದುಕೊಳ್ಳುತ್ತದೆ, ಎರಡು ಮೂರು ಸೆಕೆಂಡು ಬಾಯಲ್ಲಿಟ್ಟುಕೊಳ್ಳುತ್ತದೆ, ಉಗುಳುತ್ತದೆ. ಬಾಯಿಗೆ ತಗೊಳ್ಳುವುದು ತಿನ್ನುವುದಲ್ಲ. ನುಂಗಿದ ಮೀನು ಮುಂದಿನ ತುಣುಕಿಗೆ ತಾನೇ ಬರುತ್ತದೆ. ಉಗುಳುವ ಮೀನು ಅದೇ ಕಾಳನ್ನು ಮತ್ತೆ ಕಚ್ಚಿ ಮತ್ತೆ ಬಿಡುತ್ತದೆ. ಅಂಗಡಿಯಲ್ಲಿ ತಳ ನೋಡಬೇಕಿತ್ತು, ಭುಜ ತಟ್ಟಿದ್ದು ಅದನ್ನು ತಪ್ಪಿಸಲಿಕ್ಕೇ.

ಆಮೇಲೆ ಆ ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿದರೆ ಬಣ್ಣ ಬಯಲು. ವಿಡಿಯೋದ ಮೀನಿನಲ್ಲಿ ಬೆನ್ನುರೆಕ್ಕೆಯ ಕಪ್ಪು ಕಣ್ಣುಮಚ್ಚೆಯ ಕೆಳಗಿನ ಕಿತ್ತಳೆ ಪಟ್ಟಿ ಒಂದು ಕಡೆ ಕವಲೊಡೆದಿದೆ, ಕೊಟ್ಟ ಮೀನಿನದು ನೆಟ್ಟಗಿದೆ. ವಿಡಿಯೋದಲ್ಲಿ ಬಿಳಿ ಮರಳು, ಹಿಂದೆ ಹವಳ. ಅಂಗಡಿ ಟ್ಯಾಂಕಿನ ತಳ ಬರೀ ಗಾಜು. ಬೇರೆ ಯಾರದೋ ಮನೆ, ಬೇರೆ ಯಾರದೋ ಮೀನು! ಕೇಳಿದರೆ ಬಂದ ಉತ್ತರ ಇದು: "ಜಾತಿ ಅದೇ ಅಲ್ಲೇನ್ರಿ ಸರ್?"

ಮುಂದಿನ ಉತ್ತರ ಇನ್ನೂ ಚಂದ. "ಎರಡು ದಿನ ಉಪಾಸ ಕೆಡವ್ರಿ, ಹಸಿವಾದ್ರ ತಾನೇ ತಿಂತದ." ಈ ಸಲಹೆಯಂತೆ ನಡೆದರೆ ಮೀನು ಸಾಯುತ್ತದೆ. ಹಿಡಿದವರಿಂದ ರಫ್ತುದಾರ, ಅಲ್ಲಿಂದ ಹೋಲ್‌ಸೇಲ್, ಅಲ್ಲಿಂದ ಇಲ್ಲಿಗೆ, ದಾರಿಯುದ್ದಕ್ಕೂ ಅದು ಹಸಿದೇ ಬಂದಿರುತ್ತದೆ. ಮೇಲಿನಿಂದ ನೋಡಿದರೆ ತಲೆಯ ಹಿಂದೆ ಬೆನ್ನು ಚೂಪಾಗಿ, ಹೊಟ್ಟೆ ಒಳಗೆ ಸೆಳೆದುಕೊಂಡಿದ್ದರೆ ಮೈಯಲ್ಲಿನ ಸ್ನಾಯುವೇ ಕರಗುತ್ತಿದೆ ಅಂತ ಅರ್ಥ. ಅಂಥದ್ದಕ್ಕೆ ಉಪವಾಸವಂತೆ!

ಆಮೇಲೆ "ನಿಮ್ಮ ನೀರೇ ಸರಿ ಇಲ್ರಿ" ಶುರು. ಉಪ್ಪುನೀರಿನ ಸಾಪೇಕ್ಷ ಸಾಂದ್ರತೆ 1.025, ತಾಪ 26 ಡಿಗ್ರಿ, ಮೀನಿಗೆ ವಿಷವಾಗುವ ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ಟೆಸ್ಟ್ ಕಿಟ್ಟಿನ ಫೋಟೋ ಸಮೇತ ಕಳಿಸಿದ್ದಕ್ಕೆ ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ಸಂಜೆ ಬಂದದ್ದು ಮಾರಾಟದ ಮಾತು: "ಫ್ರೋಜನ್ ಮೈಸಿಸ್ ಬಂದದ ಸರ್, ಹಾಕ್ರಿ, ನೂರಕ್ಕೆ ನೂರು ತಿಂತದ."

ಮೈಸಿಸ್ ಅಂದರೆ ಸೀಗಡಿಯಂಥ ಸಣ್ಣ ಜೀವಿ, ಅದು ಸರಿಯಾದ ಆಹಾರವೇ. ಕೊಟ್ಟ ಪೊಟ್ಟಣ ಸರಿ ಇರಲಿಲ್ಲ. ಕರೆಂಟ್ ಹೋದಾಗ ಕರಗಿ, ಬಂದಾಗ ಮತ್ತೆ ಹೆಪ್ಪುಗಟ್ಟಿದ ಮಾಲು. ಗುರುತಿಸುವುದು ಸುಲಭ. ಒಳ್ಳೆ ಕ್ಯೂಬಿನಲ್ಲಿ ಸೀಗಡಿ ಎಲ್ಲ ಕಡೆ ಸಮನಾಗಿರುತ್ತದೆ. ಕರಗಿದ್ದರಲ್ಲಿ ಕಂದು ಗಸಿ ಒಂದು ಮೂಲೆಗೆ ಇಳಿದು ಮೇಲೆ ಬರೀ ಮಂಜು. ಟ್ಯಾಂಕಿನ ನೀರಿನಲ್ಲಿ ಕರಗಿಸಿ ಚಹಾ ಜರಡಿಯಲ್ಲಿ ಸೋಸಿದರೆ ಇಡೀ ಇಡೀ ಸೀಗಡಿ ಉಳಿಯಬೇಕು. ಇದರಲ್ಲಿ ಉಳಿದದ್ದು ಮುದ್ದೆ, ಬಟ್ಟಲ ನೀರಿನಲ್ಲಿ ಕಿತ್ತುಬಂದ ಕಪ್ಪು ಕಣ್ಣುಗಳು ಕರಿ ಎಳ್ಳಿನ ಹಾಗೆ ತೇಲುತ್ತಿದ್ದವು. ಅದನ್ನು ಹಾಕಿದರೆ ಮೀನು ತಿನ್ನುವುದೂ ಇಲ್ಲ, ಕೊಳೆತು ಅಮೋನಿಯಾ ಬೇರೆ ಏರುತ್ತದೆ. ವಾಪಸ್ ಒಯ್ದರೆ? "ಕರೆಂಟ್ ನನ್ನ ಕೈಯಾಗ ಅದೇನ್ರಿ?" ಕರೆಂಟ್ ನಿಮ್ಮ ಕೈಯಲ್ಲಿಲ್ಲ ಸ್ವಾಮಿ, ಆ ಪೊಟ್ಟಣ ಮಾರುವುದು ಬಿಡುವುದು ನಿಮ್ಮ ಕೈಯಲ್ಲೇ ಇತ್ತು.

ಕೊನೆಗೆ "ಹೊಳಿ ಸೀಗಡಿ ಕೊಚ್ಚಿ ಹಾಕ್ರಿ" ಅಂದರು. ಸಿಹಿನೀರಿನ ಸೀಗಡಿ, ಕಾಟ್ಲಾ, ರೋಹು ಯಾವುದೂ ಉಪ್ಪುನೀರಿನ ಮೀನಿಗೆ ದಿನನಿತ್ಯದ ಊಟ ಅಲ್ಲ. ಅದಕ್ಕೆ ಬೇಕಾದ ಒಮೆಗಾ-3 ಕೊಬ್ಬು ಸಮುದ್ರದ ಆಹಾರದಲ್ಲಿ ಇರುವಷ್ಟು ಇವುಗಳಲ್ಲಿ ಇರುವುದಿಲ್ಲ. ಒಣ ಟ್ಯೂಬಿಫೆಕ್ಸ್ (ಸಿಹಿನೀರಿನ ಕೆಸರು ಹುಳ) ಕ್ಯೂಬಿನ ಕಥೆಯೂ ಅದೇ.

ಈ ಮೀನಿಗೆ ಬೇಕಾದದ್ದು ಹೀಗೆ. ಮೊದಲು ಜೀವಂತ ಆಹಾರದಿಂದ ಬಾಯಿ ಬಿಡಿಸಬೇಕು. ಒಂದು ಲೀಟರ್ ನೀರಿಗೆ 25 ಗ್ರಾಂ ಉಪ್ಪು, ಒಂದೆರಡು ಗ್ರಾಂ ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸೀಗಡಿಯಂಥ ಜೀವಿ) ಮೊಟ್ಟೆ, 26ರಿಂದ 28 ಡಿಗ್ರಿ, ಏರ್‌ಪಂಪಿನ ಜೋರು ಗಾಳಿ, ಮೇಲೆ ಒಂದು ಲೈಟು. ಸುಮಾರು 24 ಗಂಟೆಗೆ ಮರಿ ಒಡೆಯುತ್ತವೆ. ನಮ್ಮೂರ ಮೇ ತಿಂಗಳಲ್ಲಿ ಬಾಟಲಿಯನ್ನು ಕಿಟಕಿ ಬಿಸಿಲಿಗೆ ಇಡಬೇಡ್ರಿ, ಬೆಂದು ಹೋಗುತ್ತದೆ. ಚಿಪ್ಪು ಬೇರ್ಪಡಿಸಿ, ತೊಳೆದು, ಒಡೆದ ಕೆಲವೇ ಗಂಟೆಯಲ್ಲಿ ಹಾಕಬೇಕು. ತಡವಾದಷ್ಟೂ ಮರಿಯೊಳಗಿನ ಸತ್ವ ಇಳಿಯುತ್ತದೆ. ಇದು ರುಚಿ ಹತ್ತಿಸಲಿಕ್ಕೆ ಮಾತ್ರ, ಹೊಟ್ಟೆಗೆ ಸಾಲದು. ತಿನ್ನಲು ಶುರು ಮಾಡಿದ ಮೇಲೆ ಇದರ ಜೊತೆಗೇ ಮೈಸಿಸ್ ಬೆರೆಸುತ್ತಾ ಹೋಗಬೇಕು. ಬಾಯಿ ತೆರೆದ ಸಮುದ್ರದ ಚಿಪ್ಪಿಯನ್ನು ಕಲ್ಲಿನ ಸಂದಿಗೆ ಸಿಕ್ಕಿಸಿದರೆ ಮಾಂಸ ಹೆಕ್ಕುತ್ತದೆ, ಉಳಿದದ್ದನ್ನು ಎರಡು ಗಂಟೆಯೊಳಗೆ ತೆಗೀರಿ. ಸಮುದ್ರ ಸೀಗಡಿಯನ್ನು ಅದರ ಮೂತಿಗೆ ಹಿಡಿಯುವಷ್ಟು ಸಣ್ಣ ಹೆಚ್ಚಿ, ಆಗಾಗ ವಿಟಮಿನ್ ಹನಿ ಹಾಕಿ ನೆನೆಸಿ ಕೊಡ್ರಿ. ದಿನಕ್ಕೆ ಮೂರು ನಾಲ್ಕು ಸಲ, ಸ್ವಲ್ಪ ಸ್ವಲ್ಪ. ಡ್ಯಾಮ್ಸೆಲ್ ಇದ್ದರೆ ಅವಕ್ಕೆ ಇನ್ನೊಂದು ಮೂಲೆಯಲ್ಲಿ ಮೊದಲು ಹಾಕಿ, ಇದಕ್ಕೆ ಪಿಪೆಟ್‌ನಲ್ಲಿ ಮೂತಿಯ ಹತ್ತಿರ ಬಿಡ್ರಿ. ಇಷ್ಟೆಲ್ಲ ಮಾಡಿದರೂ ತಡವಾಗಿತ್ತು. ಬರುವಾಗಲೇ ಬೆನ್ನು ಚೂಪಾಗಿದ್ದ ಮೀನು ಅದು.

ಸತ್ತ ಸುದ್ದಿಗೆ ಬಂದ ಉತ್ತರ: "ಜೀವಕ್ಕೆ ಗ್ಯಾರಂಟಿ ಯಾರ್ ಕೊಡ್ತಾರ್ರಿ? ಇನ್ನೊಂದು ಬಂದದ, ನಿಮಗಂತ 2,500ಕ್ಕ ಕೊಡ್ತೀನಿ." ಗ್ಯಾರಂಟಿ ಕೇಳಿದ್ದು ಜೀವಕ್ಕಲ್ಲ, ಆಡಿದ ಮಾತಿಗೆ. ಇನ್ನೊಂದಂತೆ! ನಾಚಿಕೆ ಬೇಡವೇ?

ಅದಕ್ಕೇ ಹೇಳುವುದು, ಪೆಲ್ಲೆಟ್ ಹಾಕಿಸಿದರೆ ಒಂದು ನಿಮಿಷ ತಳವನ್ನೇ ನೋಡ್ರಿ, ಮಾರುವವನ ಮುಖ ನೋಡಬೇಡ್ರಿ. ಮುಂಗಡ ಕೊಟ್ಟು ಒಂದು ವಾರ ಅಲ್ಲೇ ಇಟ್ಟುಕೊಳ್ರಿ ಅನ್ನಿ, ಒಪ್ಪದಿದ್ದರೆ ಹೊರಡ್ರಿ. ಬೀದರ್, ಯಾದಗಿರಿಯವರು ವಿಡಿಯೋ ನೋಡಿ ಫೋನ್‌ಪೇ ಮಾಡಿ ಬಸ್ಸಿಗೆ ಹಾಕಿಸಿಕೊಳ್ಳಲೇಬೇಡ್ರಿ. ವಿಡಿಯೋ ಬೇಕೇ ಬೇಕೆಂದರೆ ಅವತ್ತಿನ ಪೇಪರ್ ಗಾಜಿಗೆ ಹಿಡಿಸಿ, ಮೀನಿನ ಎರಡೂ ಮಗ್ಗಲು ಕಾಣುವ ಹಾಗೆ ತೆಗೆಸಿಕೊಳ್ರಿ.